ಒಂಬತ್ತು ಪಾದದ ಕುಣಿ

ಹೈದರಾಬಾದ್
12 ಆಗಸ್ಟ್ 1997

ಅಪ್ಪಾ,

ತೀರ್ಥರೂಪರ ಪಾದಗಳಿಗೆ ಎಂದು ಶುರುಮಾಡಿದರೆ, ಇವಳಿಗೆ ಏನೋ ಬೇಕಾಗಿದೆ ಎಂದು ನೀವು ಅರ್ಧ ಓದಿ ಮಡಚಿಡುತ್ತೀರಿ. ಬೇಕಾಗಿರುವುದು ನಿಜ. ಅದಕ್ಕೇ ನೇರವಾಗಿ ಕೇಳುತ್ತೇನೆ.

ಈ ಮೆಡಿಕಲ್ ಕಾಲೇಜಿನಲ್ಲಿ ನಾನು ಎಲುಬು ನೋಡಲು ಶುರುಮಾಡಿ ಎಂಟು ವರ್ಷವಾಯಿತು. ಈಗ ಅಮೆರಿಕದ ಒಂದು ಪರೀಕ್ಷಾ ಮಂಡಳಿಗೆ ಅರ್ಜಿ ಹಾಕುತ್ತಿದ್ದೇನೆ. ಸತ್ತವರು ಹೆಣ್ಣೋ ಗಂಡೋ, ವಯಸ್ಸೆಷ್ಟು, ಹೇಗೆ ಸತ್ತರು ಎಂದು ಬರೀ ಎಲುಬು ನೋಡಿ ಕೋರ್ಟಿಗೆ ಹೇಳುವ ನನ್ನಂಥವರಿಗೆ ಅವರ ಪ್ರಮಾಣಪತ್ರಕ್ಕಿಂತ ದೊಡ್ಡದು ಬೇರೆ ಇಲ್ಲ. ಮೊದಲಿನಿಂದ ಕೊನೆಯವರೆಗೆ ನಾನೇ ಪರೀಕ್ಷಿಸಿದ ಮೂರು ಪ್ರಕರಣಗಳ ವರದಿ ಕಳಿಸಬೇಕು. ಅವರು ಒಪ್ಪಿದರೆ ಪರೀಕ್ಷೆಗೆ ಕರೆಯುತ್ತಾರೆ. ನಮ್ಮ ವಿಭಾಗದ ಮುಖ್ಯಸ್ಥರು, ಹೆಣ್ಣುಮಗಳಿಗೆ ಇಷ್ಟು ಓದು ಸಾಕಲ್ಲವೇ ಎಂದರು. ಅದೇ ದಿನ ಅರ್ಜಿ ತರಿಸಿದೆ.

ಎರಡು ವರದಿ ಸಿದ್ಧವಾಗಿವೆ. ಮೂರನೆಯದು ನಮ್ಮೂರಿನದೇ. ಕಾಡಪ್ಪ ತನ್ನ ಹೊಲದಲ್ಲಿ ಪಂಪ್‌ಸೆಟ್ ಮನೆಗೆ ಪಾಯ ತೋಡುವಾಗ ಸಿಕ್ಕ ಎಲುಬುಗಳನ್ನು ಬೈಲಹೊಂಗಲದ ತ್ರ್ಯಂಬಕ ವಕೀಲರು ಕೋರ್ಟಿನ ಅಪ್ಪಣೆ ಪಡೆದು ನನಗೆ ಕಳಿಸಿದ್ದಾರೆ. ಅವನ ಹೆಂಡತಿ ಏಳು ವರ್ಷದ ಹಿಂದೆ ಕಾಣೆಯಾದವಳು. ಕುಣಿಯಲ್ಲಿ ತಲೆಬುರುಡೆ ಸೊಂಟದ ಎಲುಬಿನ ಮೇಲಿತ್ತು, ಕಾಲುಗಳು ಮಡಚಿದ್ದವು. ಪೊಲೀಸರು ಕರೆಸಿದ ಪರಊರಿನ ಡಾಕ್ಟರು ಹೆಣವನ್ನು ಕಡಿದು ತುರುಕಿದ್ದಾರೆ ಎಂದು ಬರೆದರು. ಕಾಡಪ್ಪ ಒಂದು ವರ್ಷದಿಂದ ಹಿಂಡಲಗಾ ಜೈಲಿನಲ್ಲಿದ್ದಾನೆ.

ಎಲುಬಿನ ಮೇಲೆ ಕಡಿದ ಗುರುತು ಒಂದೂ ಇಲ್ಲ. ಕೂರಿಸಿ ಮಣ್ಣು ಕೊಟ್ಟ ದೇಹ ಕರಗಿದಾಗ ತಲೆ ಮಡಿಲಿಗೇ ಬೀಳುತ್ತದೆ. ನಮ್ಮವರನ್ನು ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿಯೇ ಹೂಳುತ್ತಾರೆ ಎಂಬುದು ಆ ಡಾಕ್ಟರಿಗೆ ಗೊತ್ತಿಲ್ಲದಿರಬಹುದು. ಆದರೆ ಪಂಚನಾಮೆಯ ಕೆಳಗೆ ನಿಮ್ಮ ಸಹಿ ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ‘ಲಿಂಗ ಇಲ್ಲದ ಕಾರಣ ಇದು ನಮ್ಮವರ ಸಮಾಧಿಯಲ್ಲ.’ ಊರ ಗೌಡರು ಹೀಗೆಂದ ಮೇಲೆ ಪೊಲೀಸರು ಯಾಕೆ ಬೇರೆ ಯೋಚಿಸುತ್ತಾರೆ? ಲಿಂಗ ಇಡುವ ಬೆಳ್ಳಿಯ ಕರಡಿಗೆಯ ಆಸೆಗೆ ಯಾರೋ ಲಿಂಗವನ್ನೇ ಕದ್ದಿರಬಹುದು ಎಂದು ನಿಮಗೆ ಹೊಳೆಯಲಿಲ್ಲವೇ?

ನನಗೆ ಒಂದೇ ಉಪಕಾರ ಮಾಡಿ. ಊರಲ್ಲಿ ಎಲ್ಲರ ಕುಣಿ ತೋಡುವವನು ಲಗಮಪ್ಪ. ಅವನು ಕುಣಿಯನ್ನು ಹೇಗೆ ಅಳೆಯುತ್ತಾನೆ ಎಂದು ಕೇಳಿ ಬರೆಯಿರಿ.

ನಿಮ್ಮ
ಗಂಗಾ


ಮುರಗೋಡ
3 ಸೆಪ್ಟೆಂಬರ್ 1997

ಚಿ. ಗಂಗಾಳಿಗೆ ಮಡಿವಾಳೆಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ಹೊಲದಲ್ಲಿ ಹೆಸರಿನ ಬೆಳೆ ಚೆನ್ನಾಗಿ ಬಂದಿದೆ. ನಿಮ್ಮವ್ವನ ಮೊಣಕಾಲು ನೋವು ಹಾಗೇ ಇದೆ. ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೆ, ಡಾಕ್ಟರ ಹತ್ತಿರ ಹೋಗುವುದಿಲ್ಲ.

ಲಗಮಪ್ಪನಿಗೆ ವಯಸ್ಸಾಗಿದೆ, ನೆನಪು ಸರಿಯಿಲ್ಲ. ಅವನ ಮಾತು ಹಿಡಿದು ಕೋರ್ಟಿಗೆ ಹೋಗುವುದು ಶಾಣ್ಯಾತನವಲ್ಲ. ಪಂಚನಾಮೆಯಲ್ಲಿ ನಾನು ಕಂಡದ್ದನ್ನು ಬರೆಸಿದ್ದೇನೆ. ಲಿಂಗ ಇರಲಿಲ್ಲ, ಇರಲಿಲ್ಲ ಅಂದೆ. ಅದರಲ್ಲಿ ಸುಳ್ಳಿಲ್ಲ.

ಗೌಡರ ಮಗಳು ಎಲುಬು ಹಿಡಿದು ಕೂತಿದ್ದಾಳೆ ಎಂದು ಊರಲ್ಲಿ ಆಡಿಕೊಳ್ಳುವುದು ನಿನಗೆ ಗೊತ್ತಿಲ್ಲದ್ದಲ್ಲ. ನಿಮ್ಮವ್ವನಂತೂ ನೀನು ಬಂದಾಗಲೆಲ್ಲ ಮೊದಲು ತಲೆಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು ಎನ್ನುತ್ತಾಳೆ. ದೊಡ್ಡ ಪರೀಕ್ಷೆ ಕಟ್ಟು, ನಾನು ಬೇಡ ಎನ್ನುವುದಿಲ್ಲ. ಆದರೆ ಬೇರೆ ಊರಿನ ಕೇಸು ತೆಗೆದುಕೊ. ಹೈದರಾಬಾದಿನಲ್ಲಿ ಸಾಯುವವರಿಗೆ ಬರವೇ?

ಮತ್ತೊಂದು ಮಾತು. ಆ ಎಲುಬುಗಳನ್ನು ಎಲ್ಲಿ ಇಟ್ಟಿದ್ದೀಯಾ? ಎಲ್ಲವೂ ಬಂದಿವೆಯೇ, ಕೈಗಳವೂ? ನೆಲದ ಮೇಲೆ ಇಡಬೇಡ. ಯಾರವೇ ಆಗಿರಲಿ.

ಮಡಿವಾಳೆಪ್ಪ


ಹೈದರಾಬಾದ್
20 ಸೆಪ್ಟೆಂಬರ್ 1997

ಅಪ್ಪಾ,

ಸಾವಿನ ಸೂತಕ ನಮಗಿಲ್ಲ ಎಂದು ಕಂಡಕಂಡವರಿಗೆಲ್ಲ ಎದೆ ತಟ್ಟಿ ಹೇಳುವವರು ನೀವು. ಶರಣರು ಸೂತಕ ಕಿತ್ತೆಸೆದರು ಎಂದು ನನಗೆ ಕಲಿಸಿದವರೂ ನೀವೇ. ಆ ಮಾತು ಮಠದ ಪಡಸಾಲೆಯಲ್ಲಿ ಮಾತ್ರ ನಡೆಯುತ್ತದೆಯೋ, ನಮ್ಮ ಮನೆಯ ಬಾಗಿಲಲ್ಲೂ ನಡೆಯುತ್ತದೆಯೋ? ಈ ಸಲ ಬಂದಾಗ ನಾನು ನೀರು ಹಾಕಿಕೊಳ್ಳುವುದಿಲ್ಲ. ಅವ್ವನಿಗೆ ಈಗಲೇ ಹೇಳಿಡಿ.

ನೆಲದ ಮೇಲೆ ಇಡಬೇಡ ಎಂದಿರಿ. ನೀವು ಹೆದರುವುದು ದೆವ್ವಕ್ಕೋ, ಮೈಲಿಗೆಗೋ? ಚಿಂತೆ ಬೇಡ. ಹತ್ತಿ ಹಾಸಿದ ಮರದ ಪೆಟ್ಟಿಗೆಯಲ್ಲಿವೆ. ಕೈಗಳವೂ ಬಂದಿವೆ.

ನಾನು ಕಂಡದ್ದು ಇಷ್ಟು. ಹೆಣ್ಣು, ಗಿಡ್ಡ ಆಳು, ಎತ್ತರ ನಾಲ್ಕು ಅಡಿ ಹತ್ತು ಇಂಚಿನ ಆಸುಪಾಸು. ಹಲ್ಲುಗಳು ಸವೆದದ್ದು ನೋಡಿದರೆ ವಯಸ್ಸು ಮೂವತ್ತೈದರಿಂದ ನಲವತ್ತೈದು. ಎಡಗೈ ಮಣಿಕಟ್ಟು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಕಾಡಪ್ಪನ ಹೆಂಡತಿಯನ್ನು ನಾನು ನೋಡಿದ್ದೇನೆ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಹೆಂಗಸು. ಇದು ಅವಳಲ್ಲ. ಆದರೆ ಅವಳ ಎತ್ತರಕ್ಕೆ ನಮ್ಮ ಬಾಯಿಮಾತು ಬಿಟ್ಟು ಕಾಗದದ ಪುರಾವೆ ಇಲ್ಲ.

ಕೇಸು ಬಿಡುವುದಿಲ್ಲ. ದಸರೆಗೆ ಬಂದು ಲಗಮಪ್ಪನನ್ನು ನಾನೇ ಕೇಳುತ್ತೇನೆ.

ಗಂಗಾ


ಬೈಲಹೊಂಗಲ
14 ಅಕ್ಟೋಬರ್ 1997

ಅಪ್ಪಾ,

ತ್ರ್ಯಂಬಕ ವಕೀಲರ ಮನೆಯಿಂದ ಬರೆಯುತ್ತಿದ್ದೇನೆ. ಮಗಳು ವರ್ಷಕ್ಕೊಮ್ಮೆ ಬರುವಾಗ ನೀವು ಅವ್ವನನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದಿರಿ. ಬೀಗ ಹಾಕಿದ ಬಾಗಿಲ ಮುಂದೆ ನಿಂತು ಅಳು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ.

ಲಗಮಪ್ಪನ ನೆನಪು ನನ್ನ ನೆನಪಿಗಿಂತ ಚೊಕ್ಕಟವಾಗಿದೆ. ಅಳತೆ ಹೇಗೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು: “ಸತ್ತವರ ಪಾದಕ್ಕ ದಾರ ಹಿಡಿತೇವ್ರಿ ತಂಗಿ. ಅಂಥಾವು ಒಂಬತ್ತು ಪಾದ ಉದ್ದ. ಒಬ್ಬರ ಕುಣಿ ಇನ್ನೊಬ್ಬರಿಗಿ ಆಗೂದಿಲ್ಲ.”

ಕೋರ್ಟಿನ ಅಮೀನರನ್ನು ಎದುರಿಗೆ ನಿಲ್ಲಿಸಿಕೊಂಡು ಕಾಡಪ್ಪನ ಹೊಲದ ಕುಣಿಯನ್ನು ಎರಡು ದಿನ ಕೆರೆದೆ. ಪಾಯದವರು ಅಗೆದದ್ದು ಒಂದು ಮೂಲೆಯನ್ನು ಮಾತ್ರ. ಉಳಿದ ಕಡೆ ಎರೆಮಣ್ಣಿನ ನಡುವೆ ಹಳೆಯ ಕುಣಿಯ ಅಂಚು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಉದ್ದ ಆರು ಅಡಿ ಏಳು ಇಂಚಿಗೆ ಕಾಲು ಇಂಚು ಕಡಿಮೆ. ಒಂಬತ್ತರಿಂದ ಭಾಗಿಸಿದರೆ ಎಂಟೂಮುಕ್ಕಾಲು ಇಂಚು. ಪೆಟ್ಟಿಗೆಯಲ್ಲಿರುವ ಹೆಂಗಸಿನ ಪಾದದ ಎಲುಬು ಜೋಡಿಸಿ ನಾನು ಹೋದ ತಿಂಗಳೇ ಬರೆದಿಟ್ಟ ಅಳತೆಯೂ ಎಂಟೂಮುಕ್ಕಾಲು.

ಕೊಂದವನು ಹೆಣದ ಪಾದ ಅಳೆದು ಕುಣಿ ತೋಡುವುದಿಲ್ಲ, ಅಪ್ಪಾ. ಇವಳನ್ನು ಪ್ರೀತಿಯಿಂದ ಕೂರಿಸಿದ್ದಾರೆ. ನನ್ನ ಮೂರನೆಯ ವರದಿ ಇದೇ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಇದು ನೀನು ತೋಡಿದ ಕುಣಿಯೇ ಎಂದು ಕೇಳಿದರೆ ಲಗಮಪ್ಪ ನನ್ನ ಮುಖ ನೋಡದೆ, “ಗೌಡ್ರು ಏನಂದ್ರು?” ಎಂದು ಕೇಳಿ ಎದ್ದುಹೋದ. ಊರಲ್ಲಿ ಯಾರೂ ನಿಮ್ಮ ಅಪ್ಪಣೆಯಿಲ್ಲದೆ ಬಾಯಿ ಬಿಡುವುದಿಲ್ಲ ಎಂದು ನನಗೆ ನಾಚಿಕೆಯಾಯಿತು.

ಗಂಗಾ


ಮುರಗೋಡ
5 ಮಾರ್ಚ್ 1998

ಚಿ. ಗಂಗಾಳಿಗೆ ಆಶೀರ್ವಾದ.

ಐದು ತಿಂಗಳು ಬರೆಯಲಾಗಲಿಲ್ಲ. ಸುಗ್ಗಿಯಿತ್ತು. ನೀನು ಬಂದಾಗ ಮನೆಗೆ ಬೀಗ ಹಾಕಿದ್ದು ತಪ್ಪಾಯಿತು. ನಿಮ್ಮವ್ವ ಇವತ್ತಿಗೂ ನನ್ನನ್ನು ಬೈಯುತ್ತಾಳೆ.

ವರದಿಯನ್ನು ಕೋರ್ಟಿಗೆ ಕೊಟ್ಟೆಯೆಂದು ವಕೀಲರು ಹೇಳಿದರು. ಹಾಗಿದ್ದರೆ ಕಾಡಪ್ಪ ಬಿಡುಗಡೆ ಆದಂತೆಯೇ ಅಲ್ಲವೇ? ಇನ್ನು ಯಾರೂ ಏನೂ ಹೇಳುವ ಅಗತ್ಯ ಇರಲಿಕ್ಕಿಲ್ಲ. ತಿಳಿಸು.

ಮಣಿಕಟ್ಟಿನ ವಿಷಯ ಬರೆದಿದ್ದೆಯಲ್ಲ. ಸೊಟ್ಟಗೆ ಕೂಡಿದ ಕೈ ಆಮೇಲೆ ನೋಯುತ್ತಿರುತ್ತದೆಯೇ?

ಮಡಿವಾಳೆಪ್ಪ


ಹೈದರಾಬಾದ್
22 ನವೆಂಬರ್ 1998

ಅಪ್ಪಾ,

ಎರಡು ಸುದ್ದಿಗಳಿವೆ. ಮಂಡಳಿ ನನ್ನ ಮೂರೂ ವರದಿಗಳನ್ನು ಒಪ್ಪಿದೆ. ಕುಣಿಯ ಅಳತೆಯಿಂದ ಪಾದ ತಿಳಿಯುವ ಮೂರನೆಯದನ್ನು ಓದಿ, ಇಂಥದ್ದನ್ನು ನಾವು ನೋಡಿರಲಿಲ್ಲ ಎಂದು ಬರೆದಿದ್ದಾರೆ. ಬರುವ ಜೂನ್‌ನಲ್ಲಿ ಪರೀಕ್ಷೆ. ಕಾಗದ ಹಿಡಿದುಕೊಂಡು ಲ್ಯಾಬಿನಲ್ಲಿ ಹುಚ್ಚಿಯ ಹಾಗೆ ಕುಣಿದೆ. ಮುಖ್ಯಸ್ಥರು ಈಗ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ.

ಇನ್ನೊಂದು ಸುದ್ದಿ ಕೆಟ್ಟದ್ದು. ಕಾಡಪ್ಪನಿಗೆ ಜಾಮೀನು ಮತ್ತೆ ಸಿಗಲಿಲ್ಲ. ಸರಕಾರಿ ವಕೀಲರು ಅಳತೆ ಹೊಂದಿದ್ದು ಆಕಸ್ಮಿಕ ಎಂದು ವಾದಿಸಿದರು. ನ್ಯಾಯಾಧೀಶರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಇದು ಸಮಾಧಿಯೇ ಆಗಿದ್ದರೆ ಯಾರ ಸಮಾಧಿ, ಒಂದು ಮನೆಯವರೂ ಯಾಕೆ ಮುಂದೆ ಬಂದಿಲ್ಲ? ಗೊತ್ತಿಲ್ಲ ಎಂದೆ. ಕಟಕಟೆಯಲ್ಲಿ ಕಾಡಪ್ಪ ನನ್ನನ್ನೇ ನೋಡುತ್ತಿದ್ದ. ತಲೆಗೂದಲೆಲ್ಲ ಬೆಳ್ಳಗಾಗಿವೆ.

ಆ ಹೆಂಗಸಿನ ಪಾದಕ್ಕೆ ದಾರ ಹಿಡಿದವರು ನಮ್ಮೂರಿನಲ್ಲೇ ಇದ್ದಾರೆ. ಇನ್ನೊಬ್ಬನ ಬದುಕು ಕೊಳೆಯುತ್ತಿರುವಾಗ ಅವರು ಬಾಯಿಗೆ ಬೀಗ ಹಾಕಿಕೊಂಡು ಉಂಡು ತಿರುಗಾಡುತ್ತಿದ್ದಾರೆ. ಅವರು ಎದುರಿಗೆ ಸಿಕ್ಕರೆ ನಾನು ಹಿರಿಯರೆಂದು ನೋಡುವುದಿಲ್ಲ, ಮುಖದ ಮೇಲೆ ಉಗಿಯುತ್ತೇನೆ. ನೀವು ಊರ ಹಿರಿಯರು. ಒಂದು ಸಲ ಚಾವಡಿಯಲ್ಲಿ ಕೂತು ಕೇಳಿ, ಸಾಕು.

ಗಂಗಾ


ಮುರಗೋಡ
10 ಜನವರಿ 1999

ಗಂಗಾ,

ಚಾವಡಿಯಲ್ಲಿ ಕೇಳುವ ಅಗತ್ಯವಿಲ್ಲ. ದಾರ ಹಿಡಿದವನು ನಾನೇ.

ನಿನ್ನ ಪೆಟ್ಟಿಗೆಯಲ್ಲಿರುವವಳು ನನ್ನ ತಂಗಿ ಸಿದ್ದಲಿಂಗವ್ವ, ನಿನ್ನ ಸೋದರತ್ತೆ. ಸೊಲ್ಲಾಪುರದಲ್ಲಿ ತೀರಿಕೊಂಡಳು ಎಂದು ನಿನಗೆ ಹೇಳಿದ್ದು ಸುಳ್ಳು. ಅವಳು 1969ರಲ್ಲಿ ರಾಮದುರ್ಗದ ಒಬ್ಬ ನೇಕಾರನ ಜೊತೆ ಹೋದಳು. ಹೋಗುವ ಮುನ್ನ ನನ್ನಪ್ಪ ಪಡಸಾಲೆಯಲ್ಲಿ ಎಲ್ಲರೆದುರು ಅವಳ ಕೊರಳಿನ ಲಿಂಗವನ್ನು ತನ್ನ ಕೈಯಿಂದಲೇ ಬಿಚ್ಚಿಕೊಂಡ. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಆರು ವರ್ಷದ ಮೇಲೆ ಗಂಡ ಸತ್ತ, ಇವಳಿಗೆ ಎದೆರೋಗ. ನಡೆದುಕೊಂಡು ಹೊಲಕ್ಕೆ ಬಂದಳು, ಮನೆಗೆ ಬರಲಿಲ್ಲ. ಆಗ ಆ ಹೊಲ ನಮ್ಮದಿತ್ತು. ಗುಡಿಸಲಿನಲ್ಲಿ ನಾಲ್ಕು ತಿಂಗಳು ಇಟ್ಟುಕೊಂಡೆ, ಬುತ್ತಿ ಒಯ್ದೆ. ನಿಮ್ಮವ್ವನಿಗೆ ಗೊತ್ತಿತ್ತು. ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದೆ.

ಸತ್ತಾಗ ಅವಳಿಗೆ ಇಪ್ಪತ್ತೊಂಬತ್ತು. ನನ್ನಪ್ಪ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂದ. ಊರೆಲ್ಲ ಎಲ್ಲಮ್ಮನ ಗುಡ್ಡಕ್ಕೆ ಹೋದ ಹುಣ್ಣಿಮೆಯ ಮಧ್ಯಾಹ್ನ ನಾನೂ ಲಗಮಪ್ಪನೂ ಸೇರಿ ಕುಣಿ ತೋಡಿದೆವು. ಅಳತೆಯಲ್ಲಿ ಒಂದು ಬೆರಳೂ ತಪ್ಪಬಾರದು ಎಂದು ನಾನು ಹಟ ಹಿಡಿದೆ. ಬೇರೆ ಏನೂ ಕೊಡಲಾಗಲಿಲ್ಲ, ಅದನ್ನಾದರೂ ಸರಿಯಾಗಿ ಕೊಡೋಣ ಎಂದು. ಲಿಂಗ ಇರಬೇಕಾದ ಎಡ ಅಂಗೈಯಲ್ಲಿ ಏನಿಡಬೇಕು ತಿಳಿಯಲಿಲ್ಲ. ಬರಿಗೈಯನ್ನೇ ಮುಚ್ಚಿದೆ. ಮೂರು ವರ್ಷದ ಮೇಲೆ ನನ್ನಪ್ಪ ಆ ಹೊಲವನ್ನು ಕಾಡಪ್ಪನ ತಂದೆಗೆ ಮಾರಿದ, ಆಗಲೂ ನಾನು ಸುಮ್ಮನಿದ್ದೆ.

ಪಂಚನಾಮೆಯ ದಿನ ಗೋಣಿತಟ್ಟಿನ ಮೇಲೆ ಆ ಮಣಿಕಟ್ಟು ಕಂಡೆ. ಪಂಚಮಿ ಜೋಕಾಲಿಯಿಂದ ಬಿದ್ದು ಮುರಿದುಕೊಂಡದ್ದು. ಜೋರಾಗಿ ತೂಗಿದವನು ನಾನೇ. ಪೊಲೀಸರು ಕೇಳಿದಾಗ ಲಿಂಗ ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ ಎಂದು ಎರಡೂವರೆ ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಪುರಾವೆಯಿಲ್ಲವೆಂದು ಕಾಡಪ್ಪನನ್ನು ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದುಕೊಂಡೆ. ನಿನ್ನ ಪತ್ರಗಳು ಬಂದಾಗ, ಇವಳಿಗೆ ಎಲ್ಲ ಗೊತ್ತಾಗಿಯೇ ನನ್ನನ್ನು ಚುಚ್ಚುತ್ತಿದ್ದಾಳೆ ಎಂದು ತಿಳಿದಿದ್ದೆ.

ಉಗಿಯುವುದಿದ್ದರೆ ಬಾ, ಮನೆಯಲ್ಲೇ ಇರುತ್ತೇನೆ.

ನಿನ್ನಪ್ಪ


ಹೈದರಾಬಾದ್
19 ಜನವರಿ 1999

ಅಪ್ಪಾ,

ನಾಲ್ಕು ಸಲ ಓದಿದೆ. ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ. ಪೆಟ್ಟಿಗೆ ತೆರೆದು ಆ ಮಣಿಕಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಕೂತೆ. ಆಗ ಅತ್ತೆಗಾಗಿ ಅತ್ತೆ, ನಿಮಗಾಗಿ ಅಳಲಿಲ್ಲ.

ಸೊಟ್ಟಗೆ ಕೂಡಿದ ಕೈ ನೋಯುತ್ತದೆಯೇ ಎಂದು ಕೇಳಿದ್ದಿರಿ. ಚಳಿಗಾಲದಲ್ಲಿ ನೋಯುತ್ತದೆ.

ಈಗ ಮಾಡಬೇಕಾದದ್ದು ಕೇಳಿ. ವಕೀಲರ ಹತ್ತಿರ ಹೋಗಿ, ನನಗೆ ಬರೆದದ್ದನ್ನೇ ಕೋರ್ಟಿಗೆ ಬರೆದುಕೊಡಿ. ಲಗಮಪ್ಪನೂ ಬರಲಿ.

ನನ್ನ ಪರೀಕ್ಷೆಯ ಗತಿಯನ್ನೂ ಹೇಳುತ್ತೇನೆ, ಆಮೇಲೆ ಬೇರೆಯವರಿಂದ ಕೇಳುವುದು ಬೇಡ. ಎಲುಬು ಪರೀಕ್ಷಿಸುವವರಿಗೂ ಸತ್ತವರಿಗೂ ರಕ್ತಸಂಬಂಧ ಇರಕೂಡದು, ಇದೆ ಎಂದು ತಿಳಿದ ದಿನವೇ ತಿಳಿಸಬೇಕು ಎಂಬುದು ಮಂಡಳಿಯ ನಿಯಮ. ತಿಳಿಸಿದರೆ ಮೂರನೆಯ ವರದಿ ಬಿದ್ದುಹೋಗುತ್ತದೆ, ಅರ್ಜಿಯೂ ಬಿದ್ದುಹೋಗುತ್ತದೆ. ಅದಲ್ಲದೆ ಅತ್ತೆ ಸತ್ತಾಗ ಇಪ್ಪತ್ತೊಂಬತ್ತು. ನಾನು ಬರೆದದ್ದು ಮೂವತ್ತೈದರಿಂದ ನಲವತ್ತೈದು. ನನ್ನ ಸೋದರತ್ತೆಯ ವಯಸ್ಸನ್ನೇ ನಾನು ತಪ್ಪು ಹೇಳಿದ್ದೇನೆ.

ಗಂಗಾ


ಮುರಗೋಡ
28 ಜನವರಿ 1999

ಗಂಗಾ,

ಪರೀಕ್ಷೆಯ ಮಾತು ನನಗೆ ಗೊತ್ತಿರಲಿಲ್ಲ. ಒಂದು ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಪರೀಕ್ಷೆ ಜೂನ್‌ನಲ್ಲಿ. ನಾನು ಹೇಳಿಕೆಯನ್ನು ಜುಲೈನಲ್ಲಿ ಕೊಡುತ್ತೇನೆ. ಎರಡೂವರೆ ವರ್ಷ ಹೋದದ್ದು ಹೋಯಿತು, ಇನ್ನು ಐದು ತಿಂಗಳು. ನಾನು ಬರೆದ ಪತ್ರವನ್ನು ಸುಟ್ಟುಬಿಡು. ಜುಲೈವರೆಗೆ ನಿನಗೆ ಏನೂ ತಿಳಿದಿಲ್ಲ. ನನ್ನ ಪಾಪಕ್ಕೆ ನಿನ್ನ ಹತ್ತು ವರ್ಷದ ದುಡಿಮೆ ಯಾಕೆ ಹಾಳಾಗಬೇಕು? ತಂಗಿಗೆ ಏನೂ ಮಾಡಲಿಲ್ಲ. ಮಗಳಿಗಾದರೂ ಇಷ್ಟು ಮಾಡುತ್ತೇನೆ.

ನಿನ್ನಪ್ಪ


ಹೈದರಾಬಾದ್
4 ಫೆಬ್ರವರಿ 1999

ಅಪ್ಪಾ,

ಆ ಐದು ತಿಂಗಳು ಹಿಂಡಲಗಾದಲ್ಲಿ ಕಾಡಪ್ಪನ ಬದಲು ನೀವು ಕೂರುತ್ತೀರಾ?

ನಿಮ್ಮ ಪತ್ರವನ್ನು ಸುಡಲಿಲ್ಲ. ನಕಲು ಮಾಡಿಸಿ ಇವತ್ತು ಬೆಳಿಗ್ಗೆ ವಕೀಲರಿಗೆ ರಿಜಿಸ್ಟರ್ ಮಾಡಿದೆ. ಮಂಡಳಿಗೂ ಬರೆದು ಹಾಕಿದೆ. ಸುಮ್ಮನಿದ್ದು ಪಡೆದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿಕೊಂಡು ನಾನು ಯಾವ ಕೋರ್ಟಿನಲ್ಲಿ ನಿಜ ಹೇಳಲಿ? ನಮ್ಮ ಮನೆಯಲ್ಲಿ ಸುಮ್ಮನಿದ್ದದ್ದು ಸಾಕು. ನೀವು ಕೋರ್ಟಿಗೆ ಹೋದರೆ ನಿಮ್ಮ ಕಾಲ ಮೇಲೆ ಹೋದಂತಾಗುತ್ತದೆ, ಇಲ್ಲದಿದ್ದರೆ ಸಮನ್ಸ್ ಬರುತ್ತದೆ.

ನೀವೇ ಹೋಗಿ, ಅಪ್ಪಾ. ದಯವಿಟ್ಟು.

ಗಂಗಾ


ಮುರಗೋಡ
16 ಏಪ್ರಿಲ್ 1999

ಚಿ. ಗಂಗಾಳಿಗೆ ಆಶೀರ್ವಾದ.

ನಿನ್ನ ಪತ್ರ ಬಂದ ದಿನವೇ ಹೋದೆ. ಲಗಮಪ್ಪನೂ ಬಂದ. ಕೋರ್ಟಿನಲ್ಲಿ ಎಲ್ಲ ಹೇಳಿದೆ. ನನ್ನ ಮೇಲೂ ಕೇಸು ಹಾಕಬಹುದು ಎಂದು ತ್ರ್ಯಂಬಕ ಹೇಳಿದ. ಹಾಕಲಿ ಎಂದೆ. ಕಾಡಪ್ಪ ಕಳೆದ ಸೋಮವಾರ ಬಿಡುಗಡೆಯಾದ.

ಊರಲ್ಲಿ ಮಾತು ಎದ್ದಿದೆ. ಗಡಿಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಚಚಡಿಯ ಬೀಗರು ನಮ್ಮ ಮನೆಯ ಚಹಾ ಕುಡಿಯದೆ ಎದ್ದುಹೋದರು. ನಿಮ್ಮವ್ವ ಆ ಚಹಾವನ್ನು ಅವರೆದುರೇ ಎಮ್ಮೆಯ ಬಾನಿಗೆ ಸುರಿದಳು. ಅವಳಲ್ಲಿ ಇಷ್ಟು ಕಸುವಿದೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನೆ ಕಾಡಪ್ಪ ಮನೆಗೆ ಬಂದ. ಹೊಡೆಯಲಿಕ್ಕೆ ಬಂದನೇನೋ ಎಂದು ನಾನು ಎದ್ದು ನಿಂತೆ. ಅವನು ಕಟ್ಟೆಯ ಮೇಲೆ ಕೂತು, ತನ್ನ ಹೆಂಡತಿ ಹೋದ ದಿನದ್ದನ್ನೆಲ್ಲ ಹೇಳಿದ. ಆ ವರ್ಷ ಪಂಚಮಿಗೆ ಅವಳ ಅಣ್ಣ ಕರೆಯಲು ಬರಲಿಲ್ಲವಂತೆ. ಕರೆಯದ ಮನೆಗೆ ಹೋಗಬೇಡ ಎಂದು ಇವನು ಬೈದನಂತೆ. ಅವಳು ಹಟ ಮಾಡಿ ಒಬ್ಬಳೇ ರಾಮದುರ್ಗದ ಕಡೆ ತವರಿಗೆ ಹೊರಟಳು, ಅಲ್ಲಿ ಮುಟ್ಟಲಿಲ್ಲ. ಕೊನೆಗೆ ನನ್ನನ್ನು ಕೇಳಿದ:

“ಗೌಡ್ರ, ನನ್ನ ಬಿಡಿಸಿದ್ರಿ. ಆದ್ರ ಅಕಿ ಎಲ್ಲಿ ಅದಾಳ್ರಿ? ಸಿಕ್ಕಾಳಂತ ಹೇಳಿ ಮೂರು ವರ್ಷ ಅಕೀನ್ನ ಯಾರೂ ಹುಡುಕಲೇ ಇಲ್ಲ.”

ನಿನಗೆ ಬರೆಯುತ್ತೇನೆ ಎಂದೆ.

ನಿನ್ನಪ್ಪ


ಹೈದರಾಬಾದ್
2 ಜೂನ್ 1999

ಅಪ್ಪಾ,

ಮಂಡಳಿಯ ಕಾಗದ ಬಂತು. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡು ಅರ್ಜಿಯನ್ನು ತೆಗೆದುಹಾಕಿದ್ದಾರೆ. ಮೂರು ವರ್ಷದ ಮೇಲೆ, ಹೊಸ ಪ್ರಕರಣದೊಂದಿಗೆ ಮತ್ತೆ ಹಾಕಬಹುದಂತೆ. ಎರಡು ದಿನ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮುಖ್ಯಸ್ಥರು ಮತ್ತೆ ಏಕವಚನಕ್ಕೆ ಇಳಿದಿದ್ದಾರೆ.

ಹೊಸ ಪ್ರಕರಣ ಯಾವುದೆಂದು ಗೊತ್ತಾಗಿದೆ. ಕಾಡಪ್ಪನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಅವರ ಮದುವೆಯ ಫೋಟೊ ಇದ್ದರೆ ಕಳಿಸಿಕೊಡಿ, ಹೆಂಗಸಿನ ನಗು ಕಾಣುವಂಥದ್ದು ಇದ್ದರೆ ಒಳ್ಳೆಯದು. ಮಲಪ್ರಭೆಯ ದಂಡೆಯ ಊರುಗಳಲ್ಲಿ 1990ರ ಶ್ರಾವಣದಲ್ಲಿ ವಾರಸುದಾರರಿಲ್ಲದೆ ಹೂತ ಹೆಣಗಳ ದಾಖಲೆ ಹುಡುಕಲು ಕೋರ್ಟಿಗೆ ಅರ್ಜಿ ಹಾಕಿಸುತ್ತೇನೆ. ಒಂದೊಂದೇ ಊರಿಗೆ ಹೋಗಬೇಕಾಗುತ್ತದೆ. ಜೊತೆಗೆ ಬರುತ್ತೀರಾ?

ಗಂಗಾ


ಹೈದರಾಬಾದ್
11 ಸೆಪ್ಟೆಂಬರ್ 2001

ಅಪ್ಪಾ,

ರಾಮದುರ್ಗ ತಾಲೂಕಿನಲ್ಲಿ ನಾವಿಬ್ಬರೂ ಮೂರನೆಯ ಸಲ ಹೋದ ಊರು ನೆನಪಿದೆಯಲ್ಲ, ಹಳೆಯ ತಳವಾರ ಹೊಳೆಯಲ್ಲಿ ತೇಲಿ ಬಂದ ಎತ್ತರದ ಹೆಂಗಸನ್ನು ಹೂತ ಜಾಗ ತೋರಿಸಿದನಲ್ಲ. ಅವಳೇ. ಬುರುಡೆಯ ಚಿತ್ರವನ್ನು ಮದುವೆಯ ಫೋಟೊದ ಮೇಲೆ ಇಟ್ಟು ನೋಡಿದೆ. ಹಣೆ, ಕಣ್ಣಿನ ಗುಳಿ, ಮುಂದೆ ಬಂದ ಎರಡು ಹಲ್ಲು, ಎಲ್ಲವೂ ಕೂಡಿದವು. ಎತ್ತರ ಐದು ಅಡಿ ಐದು. ಪೆಟ್ಟಿನ ಗುರುತಿಲ್ಲ. ತುಂಬಿದ ಹೊಳೆ ದಾಟಲು ಹೋದವಳು.

ಕೋರ್ಟಿನ ಕಾಗದ ಬರಲು ಹದಿನೈದು ದಿನ ಹಿಡಿಯುತ್ತದೆ. ಅದಕ್ಕೂ ಮೊದಲು ಕಾಡಪ್ಪನಿಗೆ ಮನುಷ್ಯರ ಬಾಯಿಂದ ತಿಳಿಯಬೇಕು. ಅದನ್ನು ನೀವೇ ಹೇಳಬೇಕು.

ಗಂಗಾ


ಮುರಗೋಡ
24 ಸೆಪ್ಟೆಂಬರ್ 2001

ಚಿ. ಗಂಗಾಳಿಗೆ ಆಶೀರ್ವಾದ.

ಹೇಳಿದೆ. ಜೋಳದ ಹೊಲದ ಬದುವಿನ ಮೇಲೆ ಕೂತು ಹೇಳಿದೆ. ಕಾಡಪ್ಪ ಬದುವಿನ ಹುಲ್ಲು ಕೀಳುತ್ತ ಕೂತ. ನಾನು ಎದ್ದು ಹೋಗಲಿಲ್ಲ. ಆಮೇಲೆ ಅವನು, “ತವರಿಗೇ ಹೊಂಟಿದ್ಳು ಅಂದಂಗಾತು. ಬ್ಯಾರೇದವ್ನ ಕೂಡ ಹೋದ್ಳು ಅಂತ ಊರಾಗ ಅಂತಿದ್ರು. ನಾನೂ ಹಂಗ ಅಂದಕೊಂಡಿದ್ದೆ” ಎಂದು ಅತ್ತ. ನಾನೂ ಅತ್ತೆ. ಇಷ್ಟು ವರ್ಷದಲ್ಲಿ ಒಬ್ಬರೆದುರು ಅತ್ತದ್ದು ಇದೇ ಮೊದಲು.

ಕೋರ್ಟು ಸಿದ್ದಲಿಂಗವ್ವನನ್ನೂ ಮರಳಿ ಕೊಟ್ಟಿದೆ. ಶುಕ್ರವಾರ ಅವಳನ್ನು ರುದ್ರಭೂಮಿಯಲ್ಲಿ, ನಮ್ಮಪ್ಪನ ಪಕ್ಕದಲ್ಲೇ ಇಟ್ಟೆವು. ನಾಲ್ವರು ಹಿರಿಯರು ಅಡ್ಡ ನಿಂತರು. ಇವಳ ಲಿಂಗ ಬಿಚ್ಚಿಕೊಂಡವನ ಮಗ ನಾನು, ಮತ್ತೆ ಲಿಂಗ ಕಟ್ಟುವವನೂ ನಾನೇ, ಧೈರ್ಯವಿದ್ದವರು ನನ್ನ ಕೈ ಹಿಡಿಯಿರಿ ಎಂದೆ. ಯಾರೂ ಹಿಡಿಯಲಿಲ್ಲ. ಗುದ್ದಲಿ ಹಿಡಿಯಲಾಗದೆ ಲಗಮಪ್ಪ ದಂಡೆಯಲ್ಲಿ ಕೂತು ಹೇಳಿಕೊಟ್ಟ, ಕಾಡಪ್ಪ ತೋಡಿದ.

ಮೂರು ವರ್ಷ ತುಂಬಿದ ಕೂಡಲೇ ನೀನು ಅರ್ಜಿ ಹಾಕು. ತಡಮಾಡಬೇಡ.

ನಿನ್ನಪ್ಪ


ಹೈದರಾಬಾದ್
3 ಮಾರ್ಚ್ 2003

ಅಪ್ಪಾ,

ನಿನ್ನೆ ಅಮೆರಿಕದಿಂದ ಬಂದಿಳಿದೆ. ಮೊದಲ ದಿನ ಬರೆಯುವ ಪರೀಕ್ಷೆ. ಎರಡನೆಯ ದಿನ ಮೇಜಿನ ಮೇಲೆ ಎಲುಬು ಸುರಿದು, ಒಂದೊಂದಕ್ಕೂ ಕೆಲವೇ ನಿಮಿಷ ಕೊಟ್ಟರು. ಮೂರನೆಯ ದಿನ ಮೂವರು ಹಿರಿಯರ ಎದುರು ಕೂತೆ.

ಅವರು ಮೂರು ವರದಿ ಕೇಳಿದ್ದರು. ನಾನು ನಾಲ್ಕು ಕಳಿಸಿದ್ದೆ. ನಾಲ್ಕನೆಯದು ಅತ್ತೆಯದು, ಬಿದ್ದುಹೋದದ್ದು. ಅದರ ಮೇಲೆ ಕೆಂಪು ಶಾಯಿಯಲ್ಲಿ, ಇದನ್ನು ಅಂಕಕ್ಕೆ ಹಿಡಿಯಬೇಡಿ, ನಾನು ಎಲ್ಲಿ ತಪ್ಪಿದೆ ಎಂದು ನೋಡಿ ಎಂದು ಬರೆದಿದ್ದೆ. ಹಾಗೆ ಕಳಿಸಬೇಡ, ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಂಡಂತೆ ಎಂದು ಇಲ್ಲಿ ಎಲ್ಲರೂ ಹೇಳಿದ್ದರು.

ಅವರಲ್ಲಿ ಹಿರಿಯ ಹೆಂಗಸು ಅದನ್ನೇ ತೆಗೆದರು. ಸತ್ತವಳಿಗೆ ಇಪ್ಪತ್ತೊಂಬತ್ತು, ನೀನು ನಲವತ್ತರ ಹತ್ತಿರ ಬರೆದೆ, ಇಷ್ಟು ದೊಡ್ಡ ತಪ್ಪು ಹೇಗಾಯಿತು ಎಂದು ಕೇಳಿದರು. ಹತ್ತಿಪ್ಪತ್ತು ಸಲ ಬಾಯಿಪಾಠ ಮಾಡಿದ ವಿನಯದ ಉತ್ತರ ನನ್ನ ಬಳಿ ಇತ್ತು. ಬಾಯಿಗೆ ಬಂದದ್ದು ಬೇರೆ.

ನಾನು ಹೇಳಿದೆ: ಹಲ್ಲಿನ ಸವೆತದಿಂದ ವಯಸ್ಸು ಹೇಳುವ ನಿಮ್ಮ ಕೋಷ್ಟಕ ಹೊಟ್ಟೆತುಂಬ ಮೆತ್ತನೆಯದನ್ನು ಉಂಡವರದ್ದು. ನನ್ನ ಅತ್ತೆ ಬೀಸುಕಲ್ಲಿನ ಹಿಟ್ಟಿನ ರೊಟ್ಟಿ ತಿಂದವಳು, ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಕಾಯಿಲೆ ಬಿದ್ದಾಗ ಆ ರೊಟ್ಟಿಯೂ ಸಾಕಷ್ಟು ಇರಲಿಲ್ಲ. ನಾನೂ ಅದೇ ರೊಟ್ಟಿ ತಿಂದು ಬೆಳೆದವಳು, ನನ್ನ ಬಾಯಲ್ಲಿದ್ದದ್ದನ್ನು ಬಿಟ್ಟು ನಿಮ್ಮ ಪುಸ್ತಕವನ್ನು ನಂಬಿದೆ, ಅದು ನನ್ನ ತಪ್ಪು. ಅವಳ ಹಲ್ಲು ಸರಿಯಾಗಿಯೇ ಹೇಳಿತ್ತು. ನಮ್ಮ ಕಡೆಯ ಕೋಷ್ಟಕ ಇನ್ನೂ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ, ನೀವು ಪಾಸು ಮಾಡಿದರೂ ಸರಿ, ಮಾಡದಿದ್ದರೂ ಸರಿ.

ನನ್ನ ಕಥೆ ಮುಗಿಯಿತು ಎಂದು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದೆ. ಆಗ ಆ ಹಿರಿಯ ಹೆಂಗಸು, ಸ್ವಲ್ಪ ಇರು, ನಿನ್ನ ಅತ್ತೆಯ ಹೆಸರೇನು ಎಂದು ಕೇಳಿದರು. ನಾನು ಹೇಳಿದೆ. ಅವರಿಗೆ ನಾಲಿಗೆ ಹೊರಳಲಿಲ್ಲ. ಬರೆದು ತೋರಿಸಲು ಹೇಳಿದರು. ‘ಅಪರಿಚಿತ ಹೆಂಗಸು’ ಎಂದಿದ್ದ ಜಾಗದಲ್ಲಿ ನಾನು ಸಿದ್ದಲಿಂಗವ್ವ ಎಂದು ಮೊದಲು ಕನ್ನಡದಲ್ಲಿ ಬರೆದೆ, ಕೆಳಗೆ ಅವರಿಗೆ ಓದಲು ಬರುವ ಹಾಗೆ ಬರೆದೆ. ಅವರು ಅದನ್ನು ಮೂರು ಸಲ ಹೇಳಿ ಸರಿಮಾಡಿಕೊಂಡು, ಆಮೇಲೆ ಸಹಿ ಹಾಕಿದರು.

ಪಾಸಾಗಿದ್ದೇನೆ, ಅಪ್ಪಾ.

ಗಂಗಾ